ಅಜ್ಜಿಯ ಹೆಸರಿನ ಶೀಶೆ

ಇವತ್ತೂ ಇರುವೆಗಳು ಬಂದಿದ್ದವು.

ಬಚ್ಚಲಿನ ತೂಬಿನ ಸುತ್ತ ಕಪ್ಪಗೆ ಮುತ್ತಿಕೊಂಡಿದ್ದವು. ಕಾತ್ಯಾಯಿನಿ ಒಂದು ಚೊಂಬು ನೀರು ಸುರಿದಳು. ಹೋಗಲಿಲ್ಲ. ಇನ್ನೊಂದು ಸುರಿದಳು. ಅಜ್ಜಿ ಸ್ನಾನಕ್ಕೆ ಬರುವಷ್ಟರಲ್ಲಿ ಒಂದೂ ಉಳಿಯಬಾರದು!

'ಬೇಸಿಗೆ ಅಲ್ಲವೇ, ಇರುವೆ ಎಲ್ಲರ ಮನೆಗೂ ಬರುತ್ತವೆ' ಎಂದು ಸಮಾಧಾನ ಹೇಳಿಕೊಂಡಳು. ಆಮೇಲೆ, ತನಗೆ ತಾನೇ ಕೇಳಿಸಬಾರದು ಎಂಬಷ್ಟು ಮೆಲ್ಲಗೆ... 'ಆದರೆ ಅಪ್ಪ ಹೋಗಿ ಬಂದಮೇಲೆ ಬರೋದಿಲ್ಲ. ಅಜ್ಜಿ ಹೋಗಿ ಬಂದಮೇಲೂ ಬರೋದಿಲ್ಲ. ನಾನು ಹೋಗಿ ಬಂದಮೇಲೆ ಮಾತ್ರ.'

ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದವಳಿಗೆ ಇರುವೆ ಯಾವುದಕ್ಕೆ ಬರುತ್ತದೆ ಎಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳಿಗೆ ಇಪ್ಪತ್ತೆರಡು. ಅಮ್ಮ ಇಲ್ಲ, ಸಾಕಿದವಳು ಅಪ್ಪನ ತಾಯಿ ಲಕ್ಷ್ಮಮ್ಮಜ್ಜಿ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆ ಖಾಲಿ ಬಯಲನ್ನು ನೋಡುತ್ತ ಕಿಟಕಿಯಲ್ಲಿ ಕೂತಿರುವುದು ಅವಳಿಗೆ ಇಷ್ಟ. ಈಚೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬಾಯಾರಿಕೆ. ಕುಡಿದಷ್ಟೂ ಬಾಯಾರಿಕೆ!

"ಏನೇ, ಹೂಜಿಗೆ ತೂತು ಬಿದ್ದಿದೆಯೇನೆ? ತುಂಬಿಟ್ಟ ನೀರೆಲ್ಲ ಎಲ್ಲಿ ಹೋಗುತ್ತೆ?" ಎಂದು ಅಪ್ಪ ಜಯಸಿಂಹರಾಯರು ನಗುತ್ತಿದ್ದರು.

ಅವಳೂ ನಗುತ್ತಿದ್ದಳು. ಕೈಯ ಬಳೆಗಳು ಮೊಳಕೈವರೆಗೆ ಜಾರುವುದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಮೈಸೂರಿನ ಸೋದರತ್ತೆಯ ಮಗಳು ನೆನಪಾಗುತ್ತಿದ್ದಳು. ಆ ಹುಡುಗಿಗೆ ಈ ಕಾಯಿಲೆ ಇದೆ ಎಂದು ಗೊತ್ತಾದದ್ದೇ ತಡ, ನಿಶ್ಚಯವಾದ ಮದುವೆ ಮುರಿಯಿತು. ಈಗ ನೆಂಟರಲ್ಲಿ ಅವಳ ಹೆಸರೇ ಯಾರಿಗೂ ನೆನಪಿಲ್ಲ. "ಆ ಸಕ್ಕರೆ ಹುಡುಗಿ" ಅಂದರೆ ಎಲ್ಲರಿಗೂ ಗೊತ್ತು.

'ನನ್ನನ್ನೂ ಹಾಗೇ ಕರೀತಾರಾ?'

ಸೊಪ್ಪು ಮಾರುವ ಸಾರಕ್ಕಿಯ ಸಿದ್ದಗಂಗಮ್ಮ ಒಂದು ಬೆಳಿಗ್ಗೆ ಬುಟ್ಟಿ ಇಳಿಸುತ್ತ ಹೇಳಿದಳು. "ನಮ್ ಡಿಸ್ಪೆನ್ಸರಿಗೆ ಹೊಸ ಡಾಕ್ಟ್ರು ಬಂದವ್ರೆ ಕಣವ್ವ. ಗುರುವಾರ ಗುರುವಾರ ಸಕ್ರೆ ಕಾಯ್ಲೆ ನೋಡ್ತಾರೆ. ಮೊದ್ಲು ದೊಡ್ಡಾಸ್ಪತ್ರೆಗೆ ಹೋಗಿ, ಖಾಲಿ ಹೊಟ್ಟೇಲಿ ಸಾಲು ನಿಂತು, ತಲೆ ಸುತ್ತಿ ಬೀಳೋಳು ನಾನು. ಈಗ ಇಲ್ಲೇ! ಒಂದು ಶೀಶೇಲಿ ನಮ್ ನೀರು, ಅದೇ ಕಣವ್ವ ಉಚ್ಚೆ, ತಗಂಡೋಗಿ ಕೊಟ್ರಾಯ್ತು."

ಕಾತ್ಯಾಯಿನಿ ಒಂದೇ ಕಟ್ಟು ದಂಟಿನ ಸೊಪ್ಪಿಗೆ ಎರಡು ಸಲ ದುಡ್ಡು ಕೊಟ್ಟಳು.

*

ಡಿಸ್ಪೆನ್ಸರಿ ಎಂದರೆ ಎರಡು ಕೋಣೆಯ ಹೆಂಚಿನ ಮನೆ. ಬೆಂಚಿನ ಮೇಲೆ ಎಲ್ಲರ ಮಡಿಲಲ್ಲೂ ಒಂದೊಂದು ಶೀಶೆ. ಕಾತ್ಯಾಯಿನಿ ತನ್ನದನ್ನು ಕೈಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿ ಹಿಡಿದಿದ್ದಳು. ಗ್ರೈಪ್ ವಾಟರಿನ ಹಳೇ ಶೀಶೆ.

"ಬನ್ನಿ, ಮುಂದಿನವರು!"

ಡಾಕ್ಟರು ಇಷ್ಟು ಚಿಕ್ಕ ವಯಸ್ಸಿನವರೆಂದು ಅವಳು ಎಣಿಸಿರಲಿಲ್ಲ. ಡಾ. ಸೇತುರಾಮ. ತೋಳು ಮಡಿಸಿದ ಬಿಳಿ ಅಂಗಿ, ಬೆರಳ ತುದಿಗೆಲ್ಲ ನೀಲಿ ಕಲೆ. ಅವನು ಶೀಶೆಗೆ ಕೈ ಚಾಚಿದ.

"ಯಾರದು ಇದು?"

'ನನ್ನದು.' ಮಾತು ಗಂಟಲವರೆಗೆ ಬಂತು. ಬೆಂಚಿನ ಮೇಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಅವನ ಕಣ್ಣುಗಳೂ...

"ಅ... ಅಜ್ಜೀದು."

ಅಯ್ಯೋ! ಇದೇನು ಬಂತು ಬಾಯಲ್ಲಿ!

"ಹೆಸರು?"

"ಲಕ್ಷ್ಮಮ್ಮ."

ಅವನು ನೀಲಿ ದ್ರಾವಣಕ್ಕೆ ಕೆಲವು ಹನಿ ಬೆರೆಸಿ, ಟೆಸ್ಟ್ ಟ್ಯೂಬನ್ನು ಸ್ಪಿರಿಟ್ ದೀಪದ ಮೇಲೆ ಹಿಡಿದ. ಕುದಿಸಿದ ಮೇಲೂ ನೀಲಿಯಾಗೇ ಇದ್ದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆಯ ಕೆಂಪಾದರೆ... ಕಾತ್ಯಾಯಿನಿಯ ಕಣ್ಣು ಮಾತ್ರ ಬೇರೆ ಕಡೆ ನೆಟ್ಟಿತ್ತು.

"ಟ್ಯೂಬಿನ ಬಾಯಿ..." ಎಂದಳು ಗಾಬರಿಯಾಗಿ. "ನಿಮ್ಮ ಮುಖದ ಕಡೆ ಇದೆ!"

ಅವನು ತಟ್ಟನೆ ತಿರುಗಿಸಿದ. ಚಿಮ್ಮಿದ ಕುದಿನೀರು ಗೋಡೆಗೆ ಹೋಗಿ ಬಡಿಯಿತು.

"ಡಾಕ್ಟ್ರ ಮುಖ ಉಳಿಸಿದೆ ತಾಯಿ!" ಎಂದು ಬಾಗಿಲಲ್ಲಿದ್ದ ಕಾಂಪೌಂಡರ್ ಬೋರಣ್ಣ ನಕ್ಕ. "ಇನ್ನೂ ಮದುವೆ ಆಗ್ಬೇಕಾದ ಮುಖ."

ಸೇತುರಾಮನ ಕಿವಿ ಕೆಂಪಾಯಿತು. "ಕೆಮಿಸ್ಟ್ರಿ ಓದಿದ್ದೀರಾ?"

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಅವನು ಟ್ಯೂಬನ್ನು ಬೆಳಕಿಗೆ ಎತ್ತಿ ಹಿಡಿದ. ನಗು ಮಾಯವಾಯಿತು.

ಇಟ್ಟಿಗೆ ಕೆಂಪು.

"ಅಜ್ಜಿಗೆ ತುಂಬಾ ಬಾಯಾರಿಕೆ, ಅಲ್ವಾ?"

"ಹೌದು."

"ಮೈ ಇಳಿದಿದೆ. ಸುಸ್ತು. ರಾತ್ರಿ ನಿದ್ದೆ ಇಲ್ಲ."

"ಹೌದು..."

"ಪಾಪ," ಎಂದ ಅವನು.

ಒಂದೇ ಒಂದು ಮಾತು. ಅಜ್ಜಿಗೆ ಅಂತ ಅಂದದ್ದು! ಆದರೂ ಅದು ನೇರ ಕಾತ್ಯಾಯಿನಿಯ ಎದೆಗೆ ಬಂದು ತಾಗಿತು. ಇಷ್ಟು ದಿನದಲ್ಲಿ ಅವಳ ಕಷ್ಟಕ್ಕೆ ಯಾರಾದರೂ ಪಾಪ ಅಂದದ್ದು ಇದೇ ಮೊದಲು.

ಗುಳಿಗೆಯ ಪೊಟ್ಟಣ ಕೊಡುತ್ತ ಅವನು ಸಂಕೋಚದಿಂದ ಕೇಳಿದ. "ಗುರುವಾರದ ದಿನ ಬಂದು ಈ ಪರೀಕ್ಷೆಗೆ ಸ್ವಲ್ಪ ಕೈಜೋಡಿಸ್ತೀರಾ? ಸಂಬಳ ಕೊಡೋಕೆ ನನ್ನ ಕೈಯಲ್ಲಿ ಅಧಿಕಾರ ಇಲ್ಲ. ಆದರೆ ನೀವಿದ್ದರೆ ನನ್ನ ಮುಖ ಉಳಿಯುತ್ತೆ."

ಮನೆಗೆ ಬಂದು ಗುಳಿಗೆ ನುಂಗಿದಳು. ಉಳಿದವನ್ನು ಬಚ್ಚಿಟ್ಟು, ಅಜ್ಜಿಯ ಹೆಸರು ಬರೆದಿದ್ದ ಪೊಟ್ಟಣದ ಕಾಗದವನ್ನು ಒಲೆಗೆ ಹಾಕಿದಳು.

*

ಗುರುವಾರಗಳು ಬಂದವು, ಹೋದವು. ಡಿಸ್ಪೆನ್ಸರಿಯಲ್ಲಿ ಪರೀಕ್ಷೆಗೆ ನೆರವಾಗುತ್ತೇನೆ ಎಂದಷ್ಟೇ ಮನೆಯಲ್ಲಿ ಹೇಳಿದ್ದಳು. ಅವಳು ಶೀಶೆ ಇಸಿದುಕೊಂಡು ಕುದಿಸಿ ಬಣ್ಣ ಹೇಳುವಳು, ಅವನು ಬರೆದುಕೊಳ್ಳುವನು. ಇನ್ಸುಲಿನ್ ಶೀಶೆಗಳು ಮೂಲೆಯ ಮಣ್ಣಿನ ಮಡಕೆಯಲ್ಲಿ, ತಣ್ಣೀರಿನಲ್ಲಿ ಇರುತ್ತಿದ್ದವು. ಫ್ರಿಜ್ಜಿಗೆ ಅರ್ಜಿ ಹಾಕಿದ್ದಾನಂತೆ, ಇನ್ನೂ ಉತ್ತರ ಬಂದಿಲ್ಲವಂತೆ.

ಒಂದು ದಿನ ಸಿದ್ದಗಂಗಮ್ಮನ ಶೀಶೆ ಎಂದೂ ಇಲ್ಲದಷ್ಟು ಕೆಂಪಾಯಿತು.

"ಏನು ತಿಂದ್ರಿ ಸಿದ್ದಗಂಗಮ್ಮ? ನಿಜ ಹೇಳಿ," ಎಂದ ಸೇತುರಾಮ.

"ನಿಮ್ಮಾಣೆ ಡಾಕ್ಟ್ರೇ, ಮುದ್ದೆ, ಸೊಪ್ಪಿನ ಸಾರು! ಸಕ್ರೆ ಅನ್ನೋದನ್ನ ಕಣ್ಣಲ್ಲೂ ನೋಡಿಲ್ಲ!"

ಬೋರಣ್ಣ ಶೀಶೆ ಎತ್ತಿ ಮೂಸಿದ. "ಇದ್ರಲ್ಲಿ ಮೊದ್ಲು ಏನಿತ್ತವ್ವ?"

"ಜೇನುತುಪ್ಪ. ತೊಳ್ದಿದ್ನಲ್ಲ?"

"ಒಳಗೂ ತೊಳ್ದ್ಯಾ?"

"ಒಳಗೆ ಕೈ ಹೋಗಲ್ವಲ್ಲಣ್ಣ!"

ಬೆಂಚಿಗೆ ಬೆಂಚೇ ನಕ್ಕಿತು. ಕಾತ್ಯಾಯಿನಿ ನಗಲಿಲ್ಲ.

'ಗ್ರೈಪ್ ವಾಟರ್! ಅದೂ ಸಿಹಿ! ದೇವರೇ, ನನ್ನ ಶೀಶೆಯದೇ ತಪ್ಪಿರಬಹುದಲ್ಲ!'

ಆ ವಾರವೆಲ್ಲ ಅವಳು ಗಾಳಿಯಲ್ಲಿ ನಡೆದಳು. ಶೀಶೆಯನ್ನು ಕುದಿಸಿದಳು, ಬೂದಿ ಹಾಕಿ ಉಜ್ಜಿದಳು, ಮತ್ತೆ ಕುದಿಸಿದಳು. ಮುಂದಿನ ಗುರುವಾರ ಎಲ್ಲರಿಗಿಂತ ಮೊದಲೇ ಹೋಗಿ ದೀಪ ಹಚ್ಚಿದಳು. ನೀಲಿ... ಹಸಿರು... 'ಇಲ್ಲೇ ನಿಲ್ಲು, ಸಾಕು, ಇಲ್ಲೇ ನಿಲ್ಲು!'

ನಿಲ್ಲಲಿಲ್ಲ. ಹಳದಿ ದಾಟಿತು. ಕೆಂಪಿಗೆ ಬಂತು.

"ಅಜ್ಜೀದಾ?" ಹಿಂದಿನಿಂದ ಸೇತುರಾಮನ ದನಿ. "ಇನ್ನೂ ಇಳಿದಿಲ್ವಾ? ಗುಳಿಗೆ ಸರಿಯಾಗಿ ತಗೋತಿದ್ದಾರಾ?"

"ತಗೋತಿದ್ದಾರೆ."

"ಹಾಗಿದ್ರೆ ಗುಳಿಗೆ ಸಾಲದು. ಒಂದು ಸಲ ಕರ್ಕೊಂಡು ಬನ್ನಿ, ನೋಡೋಣ."

"ಅಜ್ಜಿ ಮಡಿ... ಆಸ್ಪತ್ರೆ ಮೆಟ್ಟಿಲು ಹತ್ತೋದಿಲ್ಲ. ಹೊರಗಿನವರು ಮುಟ್ಟಿದ್ರೆ ಮತ್ತೆ ಸ್ನಾನ ಮಾಡ್ತಾರೆ."

ಅದು ಸುಳ್ಳಲ್ಲ. ಅದಕ್ಕೇ ಅವನು ನಂಬಿದ.

ಅವತ್ತು ಜನ ಹೋದಮೇಲೆ ಬೋರಣ್ಣ ಕಾಫಿ ತಂದಿಟ್ಟ. ಸಕ್ಕರೆ ಇರಲಿಲ್ಲ. ಗುರುವಾರದ ಕಾಫಿಗೆ ಯಾವಾಗಲೂ ಸಕ್ಕರೆ ಇರುತ್ತಿರಲಿಲ್ಲ.

"ಬೆಳಿಗ್ಗೆಯಿಂದ ಎಲ್ಲರಿಗೂ ಸಿಹಿ ಬಿಡಿ ಬಿಡಿ ಅಂತೀನಲ್ಲ," ಎಂದು ಸೇತುರಾಮ ನಕ್ಕ. "ಆಮೇಲೆ ನಾನು ಕುಡಿದರೆ ಗಂಟಲಲ್ಲಿ ಇಳಿಯೋದಿಲ್ಲ. ಆದರೆ ನಿಮಗ್ಯಾಕೆ ಈ ಶಿಕ್ಷೆ? ಸಕ್ಕರೆ ತರಿಸ್ಲಾ?"

"ಬೇಡ. ನನಗೆ ಹೀಗೇ ಇಷ್ಟ."

ಅವನು ಒಂದು ಗಳಿಗೆ ಸುಮ್ಮನೆ ಅವಳನ್ನೇ ನೋಡಿದ. ಲೋಟದ ಬಿಸಿಗೋ, ಆ ನೋಟಕ್ಕೋ, ಅವಳ ಕೆನ್ನೆ ಸುಟ್ಟಿತು.

'ಈಗ ಹೇಳಿಬಿಡು ಕಾತ್ಯಾಯಿನಿ. ಈಗಲೇ!'

ಹೇಳಲಿಲ್ಲ. ಹೇಳಿದರೆ ಆ ನೋಟ ಬದಲಾಗುತ್ತದೆ. ಡಾಕ್ಟರು ರೋಗಿಯನ್ನು ನೋಡುವ ನೋಟವಾಗುತ್ತದೆ. ಅಷ್ಟನ್ನು ಮಾತ್ರ ಅವಳು ತಡೆದುಕೊಳ್ಳಲಾರಳು.

ಸಂಜೆ ಮನೆಯಲ್ಲಿ ಅಪ್ಪ ಸಂಭ್ರಮದಲ್ಲಿದ್ದರು. "ಭಾನುವಾರ ಮೈಸೂರಿನವರು ನಿನ್ನ ನೋಡೋಕೆ ಬರ್ತಾರಮ್ಮ. ಒಳ್ಳೇ ಮನೆತನ. ಹುಡುಗ ಲೆಕ್ಚರರ್."

ಅವಳು ಹೂಜಿಯ ಕಡೆ ನಡೆದಳು.

*

ಮರುದಿನ ಸಂಜೆ ಗೇಟಿನ ಹೊರಗೆ ಸೈಕಲ್ ಗಂಟೆ!

ಕಾತ್ಯಾಯಿನಿ ಕಿಟಕಿಯಿಂದ ನೋಡಿದವಳು ಜಗಲಿಗೆ ಓಡಿಬಂದಳು. ಸೇತುರಾಮ. ಕೈಯಲ್ಲಿ ಚರ್ಮದ ಚೀಲ.

ಜಗಲಿಯಲ್ಲಿ ಲಕ್ಷ್ಮಮ್ಮಜ್ಜಿ ಕಾಲು ಚಾಚಿ ಕೂತು ರವೆ ಉಂಡೆ ಮೆಲ್ಲುತ್ತಿದ್ದರು. ಪಕ್ಕದ ತಟ್ಟೆಯಲ್ಲಿ ಇನ್ನೂ ಎರಡು.

"ಅಜ್ಜಿ ಬರೋದಿಲ್ಲ ಅಂದ್ರಿ, ಅದಕ್ಕೇ ನಾನೇ..." ಎಂದು ಮೆಟ್ಟಿಲು ಹತ್ತಿದವನು ಅರ್ಧಕ್ಕೇ ನಿಂತ. ಉಂಡೆ ನೋಡಿದ. ಅಜ್ಜಿಯನ್ನು ನೋಡಿದ. ಆಮೇಲೆ ಕಾತ್ಯಾಯಿನಿಯನ್ನು ನೋಡಿದ ನೋಟವಿದೆಯಲ್ಲ... ಅದನ್ನು ಅವಳು ಯಾವತ್ತೂ ಮರೆಯಲಾರಳು.

"ಇದೇನಾ ಪಥ್ಯ?"

"ಡಾಕ್ಟ್ರೇ, ಅದು..."

"ವಾರ ವಾರ ಇಟ್ಟಿಗೆ ಕೆಂಪು ಬರ್ತಿದೆ. ಪರೀಕ್ಷೆ ಮಾಡೋರು ನೀವೇ, ನೋಡೋರು ನೀವೇ. ಮನೆಗೆ ಬಂದು ಅಜ್ಜಿ ಕೈಗೆ ಉಂಡೆ ಕೊಡ್ತೀರಾ? ಓದು ಬಾರದ ಸಿದ್ದಗಂಗಮ್ಮ ಬಾಯಿ ಕಟ್ತಾಳೆ. ನೀವು ಓದಿ ಏನು ಬಂತು ಕಾತ್ಯಾಯಿನಿ?"

ಅವಳು ಕೈಯೆತ್ತಿ ಜಗಲಿಯ ಕಂಬ ಹಿಡಿದುಕೊಂಡಳು.

ಅಜ್ಜಿ ಒಮ್ಮೆ ಮೊಮ್ಮಗಳ ಮುಖ ನೋಡಿದರು. ಬಿಳಿಚಿಕೊಂಡ ಮುಖ. ಮೊಳಕೈಗೆ ಜಾರಿದ ಬಳೆ. ಖಾಲಿಯಾಗುತ್ತಲೇ ಇರುವ ಹೂಜಿ. ಎಂಬತ್ತರ ಕಣ್ಣಿಗೆ ಮಂಜಿದ್ದಿರಬಹುದು, ಮನಸ್ಸಿಗಿರಲಿಲ್ಲ.

ಕೈಯಲ್ಲಿದ್ದ ಅರ್ಧ ಉಂಡೆಯನ್ನು ತಟ್ಟೆಗೆ ಹಾಕಿದರು.

"ಅವಳನ್ನ ಯಾಕಪ್ಪ ಬೈತೀಯ? ಅವಳು ಬೇಡ ಬೇಡ ಅಂತಾಳೆ. ನಾನೇ ಕದ್ದು ತಿಂತೀನಿ. ಹಾಳು ನಾಲಿಗೆ!"

ಸೇತುರಾಮ ಉಸಿರು ಬಿಟ್ಟ. "ಇನ್ನು ಇನ್ಸುಲಿನ್ನೇ ಗತಿ ಅಜ್ಜಿ. ನಾಳೆ ಬೆಳಿಗ್ಗೆ ಬಂದು ನಾನೇ ಚುಚ್ಚಿ ಹೋಗ್ತೀನಿ. ಇನ್ನೊಂದು ಸಲ ಪರೀಕ್ಷೆ ಮಾಡೋ ಅಗತ್ಯ ಇಲ್ಲ. ಮಾಡಿದ್ದು ನಿಮ್ಮ ಮೊಮ್ಮಗಳು. ಆ ಕೈಯಲ್ಲಿ ತಪ್ಪಾಗೋದಿಲ್ಲ. ಅದೊಂದು ನಂಬಿಕೆ ಇನ್ನೂ ಇದೆ."

ಸೈಕಲ್ ಹೊರಟುಹೋಯಿತು. ಅವಳ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ಎಷ್ಟು ದಿನದಿಂದ್ಲೇ?" ಎಂದರು ಅಜ್ಜಿ.

ಕಾತ್ಯಾಯಿನಿ ಅಜ್ಜಿಯ ಮಡಿಲಿಗೆ ಬಿದ್ದಳು. ಮಡಿ ಸೀರೆ ಎನ್ನುವುದು ಇಬ್ಬರಿಗೂ ನೆನಪಾಗಲಿಲ್ಲ.

"ಅಳಬೇಡ. ನಿನ್ನ ಮದುವೆ ಆಗೋವರೆಗೂ ಈ ಕಾಯಿಲೆ ನನ್ನ ಹೆಸರಲ್ಲೇ ಇರಲಿ. ನನ್ನನ್ನೇನು ಯಾರಾದ್ರೂ ನೋಡೋಕೆ ಬರ್ತಾರಾ?" ಅಜ್ಜಿ ನಕ್ಕರು. "ಒಂದು ಸೂಜಿ ತಾನೇ? ಚುಚ್ಚಿಸ್ಕೋತೀನಿ."

"ಬೇಡ ಅಜ್ಜೀ! ಅದು ಕಾಯಿಲೆ ಇಲ್ಲದವರ ಮೈಗೆ ಹೋದರೆ..."

"ಹೋದರೆ ಏನಾಗುತ್ತೆ? ಸ್ನಾನ ಮಾಡಿದ್ರಾಯ್ತು!"

ಅಜ್ಜಿ ಎದ್ದು ಒಳಗೆ ಹೋದರು. ಅವರಿಗೆ ಗೊತ್ತಿದ್ದದ್ದು ಮೈಲಿಗೆಯೊಂದೇ. ಇದ್ದ ಸಕ್ಕರೆಯೂ ಇಳಿದು, ಬೆವರಿ, ಪ್ರಜ್ಞೆ ತಪ್ಪಿ, ಪ್ರಾಣವೇ ಹೋಗಬಹುದೆಂದು ಗೊತ್ತಿದ್ದದ್ದು ಕಾತ್ಯಾಯಿನಿಗೆ ಮಾತ್ರ.

'ಬೆಳಿಗ್ಗೆ ಅವರು ಬರೋ ಮೊದಲೇ ಡಿಸ್ಪೆನ್ಸರಿಗೆ ಓಡಿಹೋಗಿ ಹೇಳಿಬಿಡ್ತೀನಿ' ಅಂದುಕೊಂಡಳು. ಆಮೇಲೆ 'ಅಜ್ಜಿ ಊರಲ್ಲಿಲ್ಲ ಅಂದರೆ?' ಅಂದುಕೊಂಡಳು. ಇನ್ನೂ ಒಂದು ಸುಳ್ಳು! ತನ್ನ ಮೇಲೆ ತನಗೇ ಹೇಸಿಗೆಯಾಯಿತು.

*

ಅವಳು ಚಪ್ಪಲಿ ಮೆಟ್ಟುವಷ್ಟರಲ್ಲಿ ಸೈಕಲ್ ಗೇಟಿಗೆ ಬಂದಾಗಿತ್ತು.

ಅಪ್ಪ ಪೇಪರ್ ಮಡಿಸಿಟ್ಟು ಎದ್ದರು; ತನಗೆ ಸಕ್ಕರೆ ಕಾಯಿಲೆ ಎಂದು ಅಜ್ಜಿ ಅವರಿಗೆ ರಾತ್ರಿಯೇ ಹೇಳಿದ್ದರು. ಅಜ್ಜಿ ಆಗಲೇ ಸ್ನಾನ ಮುಗಿಸಿ ನಡುಮನೆಯಲ್ಲಿ ಮಣೆಯ ಮೇಲೆ ಕೂತಿದ್ದರು. ಪರಪುರುಷನ ಗಾಳಿ ಸೋಕಿದರೂ ಸೆರಗು ಎಳೆದುಕೊಳ್ಳುತ್ತಿದ್ದವರು ತೋಳು ಬಿಚ್ಚಿ ಮುಂದೆ ಚಾಚಿದ್ದರು. ಸುಕ್ಕುಗಟ್ಟಿದ ಆ ತೋಳು ನೋಡಿ ಕಾತ್ಯಾಯಿನಿ ಚಪ್ಪಲಿ ಬಿಟ್ಟು ಒಳಬಾಗಿಲಿಗೆ ಬಂದು ನಿಂತಳು.

ಸೇತುರಾಮ ಕುದಿಸಿ ತಂದಿದ್ದ ಗಾಜಿನ ಸಿರಿಂಜ್ ತೆಗೆದ. ಶೀಶೆಗೆ ಸೂಜಿ ಚುಚ್ಚುತ್ತ, ತಲೆ ಎತ್ತದೆ ಅಂದ.

"ನಿನ್ನೆ ನಾನು ಹಾಗೆ ಮಾತಾಡಬಾರದಿತ್ತು. ರಾತ್ರಿಯೆಲ್ಲ ಕೊರೀತಿತ್ತು. ಬೇರೆ ಯಾರೇ ಆಗಿದ್ರೂ ನನಗೆ ಅಷ್ಟು ಕೋಪ ಬರ್ತಿರಲಿಲ್ಲ... ನೀವಾಗಿದ್ದಕ್ಕೆ ಬಂತು."

ಅಪ್ಪ ಒಮ್ಮೆ ಡಾಕ್ಟರನ್ನೂ ಒಮ್ಮೆ ಮಗಳನ್ನೂ ನೋಡಿದರು.

ಸ್ಪಿರಿಟ್ಟಿನ ವಾಸನೆ. ಒದ್ದೆ ಹತ್ತಿ ಅಜ್ಜಿಯ ತೋಳು ಸವರಿತು. ಅಜ್ಜಿ ಕಣ್ಣು ಮುಚ್ಚಿ "ರಾಮ ರಾಮ" ಎಂದರು. ಸೂಜಿ ಹತ್ತಿರ ಬಂತು...

'ಹೇಳು! ಹೇಳೇ!'

ನಾಲಿಗೆ ಏಳಲಿಲ್ಲ. ಆದರೆ ಕಾಲು ಎದ್ದಿತು! ಕಾತ್ಯಾಯಿನಿ ಓಡಿಬಂದು ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅದುವರೆಗೆ ಅವನ ಬೆರಳೂ ಸೋಕಿರದ ಹುಡುಗಿ!

"ಏನಾಯ್ತು ಕಾತ್ಯಾಯಿನಿ? ಬಿಡಿ, ಸೂಜಿ ಇದೆ!"

"ಬಿಡೋದಿಲ್ಲ."

"ಕಾತ್ಯಾ, ಸುಮ್ಮನಿರೇ!" ಅಜ್ಜಿ ಗದರಿದರು. "ಚುಚ್ಚಪ್ಪ ನೀನು!"

ಸೇತುರಾಮ ಚುಚ್ಚಲಿಲ್ಲ. ತನ್ನ ಮಣಿಕಟ್ಟು ಹಿಡಿದ ಕೈಗಳನ್ನೇ ನೋಡುತ್ತಿದ್ದ. ಎಲುಬೆದ್ದ ಬೆರಳುಗಳು. ಜಾರಿ ಬಿದ್ದ ಬಳೆಗಳು. ಒಣಗಿ ಬಿರಿದ ತುಟಿ. ಸಕ್ಕರೆ ಬೇಡವೆಂದ ಕಾಫಿ... ಒಂದೊಂದೇ ಅವನ ಮುಖದ ಮೇಲೆ ಹಾದುಹೋಯಿತು.

"ಅಯ್ಯೋ," ಎಂದ, ಯಾರಿಗೂ ಅಲ್ಲದ ಹಾಗೆ. "ಎದುರಿಗೇ ಕೂತಿದ್ದಿರಿ. ನಾನೆಂಥ ಡಾಕ್ಟರು!"

ಸಿರಿಂಜಿನಲ್ಲಿದ್ದುದನ್ನು ನೆಲಕ್ಕೆ ಚಿಮ್ಮಿ ಖಾಲಿ ಮಾಡಿದ.

"ಏನಿದೆಲ್ಲ? ಯಾರಾದರೂ ಹೇಳ್ತೀರಾ ನನಗೆ?" ಎಂದರು ಅಪ್ಪ.

ಅಜ್ಜಿ ಬಾಯಿ ತೆರೆದರು. ಸೇತುರಾಮ ಕೈ ಎತ್ತಿ ತಡೆದ.

"ನೀವಲ್ಲ ಅಜ್ಜಿ. ಅವರೇ ಹೇಳಲಿ." ದನಿ ತಗ್ಗಿಸಿ ಅವಳಿಗಂದ. "ಇದಕ್ಕೆ ದಿನಾ ಸೂಜಿ ಬೇಕು. ಬೇರೆಯವರ ಹೆಸರಲ್ಲಿ ಎಷ್ಟು ದಿನ ಚುಚ್ಚಿಸ್ಕೋತೀರಿ? ಸರಿಯಾಗಿ ತಗೊಂಡರೆ ಓದಬಹುದು, ಕೆಲಸ ಮಾಡಬಹುದು, ಸಂಸಾರ ಮಾಡಬಹುದು. ಮುಚ್ಚಿಟ್ಟರೆ ಮಾತ್ರ... ಮುಚ್ಚಿಡಬೇಡಿ."

ಅವಳು ಅಪ್ಪನ ಕಡೆ ತಿರುಗಿದಳು. "ಕಾಯಿಲೆ ಅಜ್ಜಿಗಲ್ಲ ಅಪ್ಪ..." ಎಂದು ತನ್ನ ತೋಳನ್ನು ಮುಂದೆ ಚಾಚಿದಳು.

ಸಾಕಾಗಿತ್ತು. ಜಯಸಿಂಹರಾಯರು ಕುರ್ಚಿಯ ತೋಳು ಹಿಡಿದು ಕೂತರು.

"ಹೂಜಿ ತಮಾಷೆ ಮಾಡ್ತಿದ್ದೆನಲ್ಲಮ್ಮ ನಾನು..."

ಅವರ ಕಣ್ಣು ತುಂಬಿತು. "ಭಾನುವಾರ ಇವಳನ್ನ ನೋಡೋಕೆ ಬರೋ ಗಂಡಿನ ಕಡೆಯವರಿಗೆ ಏನು ಹೇಳೋದು?"

ಸೇತುರಾಮ ಚೀಲ ಮುಚ್ಚಿದವನು ಮತ್ತೆ ತೆರೆದ, ಮತ್ತೆ ಮುಚ್ಚಿದ.

"ಇದ್ದದ್ದನ್ನ ಇದ್ದ ಹಾಗೆ ಹೇಳಿ ಸಾರ್," ಎಂದ ಕೊನೆಗೆ. "ಅವರು ಒಪ್ಪಿದರೆ ಒಳ್ಳೆಯ ಜನ ಅಂತ ಲೆಕ್ಕ." ಆಮೇಲೆ ಕಷ್ಟಪಟ್ಟು ಅವಳ ಕಡೆ ನೋಡಿದ. "ಒಪ್ಪಲಿ ಅಂತ... ಹಾರೈಸಬೇಕು ನಾನು."

"ನೀವು ಹಾರೈಸ್ತೀರಾ?" ಎಂದಳು ಕಾತ್ಯಾಯಿನಿ.

"ಡಾಕ್ಟರಾಗಿ ಹಾರೈಸ್ಬೇಕಲ್ಲ."

"ಡಾಕ್ಟರಾಗಿ ಅಲ್ಲದೆ?"

ಅವನ ಕಿವಿ ಕೆಂಪಾಯಿತು. ಆದರೆ ಆ ನೋಟ... ಅದು ಒಂದಿಷ್ಟೂ ಬದಲಾಗಿರಲಿಲ್ಲ! ಎಲ್ಲ ಗೊತ್ತಾದ ಮೇಲೂ!

ಅಪ್ಪ ಇದ್ದರು. ಅಜ್ಜಿ ಇದ್ದರು. ಕಾತ್ಯಾಯಿನಿಯ ನಾಲಿಗೆ ಒಣಗಿತ್ತು. ಆದರೂ ಈ ಸಲ ಮಾತು ಗಂಟಲಲ್ಲಿ ನಿಲ್ಲಲಿಲ್ಲ.

"ಅವರು ಒಪ್ಪೋದು ಬೇಡ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನನಗೆ ನೀವು ಬೇಕು."